ಕಡಲ ತಳದಲ್ಲಿ ದೊರೆತ ಪಂಚಾಂಗ

ಹೊಸದನ್ನು ಕಂಡುಹಿಡಿಯುವುದಕ್ಕೆ ಲೋಕದಲ್ಲಿ ಎರಡು ದಾರಿಗಳುಂಟು. ಗೊತ್ತಾದ ಗುರಿಯನ್ನಿಟ್ಟುಕೊಂಡು, ಸಲಕರಣೆಗಳನ್ನು ಒದಗಿಸಿಕೊಂಡು, ವರ್ಷಗಟ್ಟಲೆ ದುಡಿಯುವ ಪಂಡಿತರ ದಾರಿ ಒಂದು. ಬೇರೆ ಯಾವುದೋ ಕೆಲಸಕ್ಕೆ ಹೊರಟವನು ಹಾದಿಯಲ್ಲಿ ಕಂಡ ವಸ್ತುವೊಂದರ ಮುಂದೆ ನಿಂತು, “ಇದೇನಿದು?” ಎಂದು ಕೇಳಿಕೊಳ್ಳುವ ದಾರಿ ಇನ್ನೊಂದು. ಮೊದಲನೆಯದಕ್ಕೆ ಸಂಶೋಧನೆಯೆಂಬ ಗೌರವದ ಹೆಸರಿದೆ. ಎರಡನೆಯದಕ್ಕೆ ಬರಿಯ ಕುತೂಹಲವೆಂಬ ಹೆಸರು ಮಾತ್ರ ಇದೆ. ಆದರೆ ವಿಜ್ಞಾನದ ಇತಿಹಾಸವನ್ನು ತಿರುವಿಹಾಕಿದವರಿಗೆ ಈ ಎರಡನೆಯ ದಾರಿಯ ಬೆಲೆ ಚೆನ್ನಾಗಿ ಗೊತ್ತು. ಒಂದು ಕಂಚಿನ ಹೆಂಟೆಯ ಕಥೆಯನ್ನು ಇಲ್ಲಿ ವಾಚಕರ ಮುಂದಿಡುತ್ತಿರುವುದು ಆ ಕಾರಣಕ್ಕಾಗಿಯೇ. ಎರಡು ಸಾವಿರ ವರ್ಷ ಕಡಲಲ್ಲಿ ಬಿದ್ದಿದ್ದ ಆ ಹೆಂಟೆ, ಹೊರಬಂದ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಮನುಷ್ಯರ ಬುದ್ಧಿಯನ್ನು ಪರೀಕ್ಷಿಸಿತು. ಇಂದಿಗೂ ಅದು ತನ್ನ ಮಾತನ್ನು ಪೂರ್ತಿಯಾಗಿ ಆಡಿ ಮುಗಿಸಿಲ್ಲ.

ಸ್ಪಂಜು ತರಲು ಹೋದವರು

ಗ್ರೀಸ್ ದೇಶದ ಮುಖ್ಯಭೂಮಿಗೂ ಕ್ರೀಟ್ ದ್ವೀಪಕ್ಕೂ ನಡುವೆ ಆಂಟಿಕಿಥೆರಾ ಎಂಬ ಚಿಕ್ಕ ದ್ವೀಪವಿದೆ. 1900ನೆಯ ಇಸವಿಯ ವಸಂತಕಾಲದಲ್ಲಿ ಸಿಮಿ ಎಂಬ ದ್ವೀಪದ ಸ್ಪಂಜುಗಾರರ ತಂಡವೊಂದು ಬಿರುಗಾಳಿಗೆ ಸಿಕ್ಕಿ ಅಲ್ಲಿ ಲಂಗರು ಹಾಕಿತು. ಅವರ ಮುಖಂಡನ ಹೆಸರು ದಿಮಿತ್ರಿಯೋಸ್ ಕೊಂಡೋಸ್. ಗಾಳಿ ತಗ್ಗುವವರೆಗೆ ಕೈಕಟ್ಟಿ ಕುಳಿತಿರುವುದೇಕೆ, ಇಲ್ಲಿಯೂ ಸ್ಪಂಜು ಇದೆಯೋ ನೋಡೋಣ ಎಂದು ಎಲಿಯಾಸ್ ಸ್ತಾಡಿಯಾಟಿಸ್ ಎಂಬ ಮುಳುಗುಗಾರನನ್ನು ನೀರಿಗಿಳಿಸಿದರು. ನಲವತ್ತು ಮೀಟರಿಗೂ ಹೆಚ್ಚಿನ ಆಳಕ್ಕೆ ಇಳಿದ ಆತ ತುಸು ಹೊತ್ತಿನಲ್ಲಿಯೇ ಹಗ್ಗ ಜಗ್ಗಿ ಮೇಲೆ ಬಂದ. ಶಿರಸ್ತ್ರಾಣವನ್ನು ತೆಗೆದೊಡನೆ ನಡುಗುತ್ತ, ಕೆಳಗೆ ಕೊಳೆತ ಹೆಣಗಳೂ ಕುದುರೆಗಳೂ ರಾಶಿಯಾಗಿ ಬಿದ್ದಿವೆಯೆಂದು ಹೇಳಿದ. ಅವನಿಗೆ ತಲೆ ಕೆಟ್ಟಿರಬೇಕೆಂದು ಶಂಕಿಸಿದ ಕೊಂಡೋಸ್ ತಾನೇ ಇಳಿದು ನೋಡಿದ. ಮೇಲೆ ಬರುವಾಗ ಅವನ ಕೈಯಲ್ಲಿ ಕಂಚಿನ ತೋಳೊಂದಿತ್ತು. ಹೆಣಗಳೆಂದು ಕಂಡವು ಅಮೃತಶಿಲೆಯ ಮತ್ತು ಕಂಚಿನ ಪ್ರತಿಮೆಗಳು. ರೋಮಿಗೆ ಐಶ್ವರ್ಯವನ್ನು ಹೊತ್ತು ಸಾಗುತ್ತಿದ್ದಿರಬಹುದಾದ ಪ್ರಾಚೀನ ಹಡಗೊಂದು ಅಲ್ಲಿ ಮುಳುಗಿತ್ತು.

ಸುದ್ದಿ ಅಥೆನ್ಸ್ ನಗರಕ್ಕೆ ಮುಟ್ಟಿತು. ಗ್ರೀಕ್ ಸರಕಾರದ ನೌಕಾಪಡೆಯ ಸಹಾಯದಿಂದ 1900ರ ನವೆಂಬರಿನಲ್ಲಿ ಆರಂಭವಾದ ಕೆಲಸ ಮುಂದಿನ ವರ್ಷದವರೆಗೆ ನಡೆಯಿತು. ಯುವಕನೊಬ್ಬನ ಮನೋಹರವಾದ ಕಂಚಿನ ಪ್ರತಿಮೆ, ಗಡ್ಡಧಾರಿ ದಾರ್ಶನಿಕನೊಬ್ಬನ ಶಿರಸ್ಸು, ಗಾಜಿನ ಪಾತ್ರೆಗಳು, ಅಮೃತಶಿಲೆಯ ಶಿಲ್ಪಗಳು ಒಂದೊಂದಾಗಿ ಬೆಳಕಿಗೆ ಬಂದವು. ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಆಳದ ನೀರಿನಿಂದ ಬೇಗನೆ ಮೇಲೆ ಬಂದರೆ ರಕ್ತದಲ್ಲಿ ಗಾಳಿಯ ಗುಳ್ಳೆಗಳೇಳುತ್ತವೆಂಬ ತಿಳಿವಳಿಕೆ ಆ ಬಡ ಮುಳುಗುಗಾರರಿಗೆ ಇರಲಿಲ್ಲ. ಒಬ್ಬನು ಪ್ರಾಣ ಬಿಟ್ಟ; ಇಬ್ಬರು ಪಾರ್ಶ್ವವಾಯುವಿಗೆ ತುತ್ತಾದರು. ಸಂಗ್ರಹಾಲಯದ ಗಾಜಿನ ಪೆಟ್ಟಿಗೆಗಳ ಮುಂದೆ ನಿಂತು ಬೆರಗುಗೊಳ್ಳುವವರು ಈ ಮೂವರನ್ನೂ ಒಂದು ಕ್ಷಣ ನೆನೆಯುವುದು ನ್ಯಾಯ.

ಒಡೆದ ಹೆಂಟೆಯೊಳಗೆ ಒಂದು ಚಕ್ರ

ಪ್ರತಿಮೆಗಳ ಜೊತೆಗೆ ಮೇಲೆ ಬಂದ ಚೂರುಪಾರುಗಳ ನಡುವೆ ಹಸಿರುಗಟ್ಟಿದ ಕಂಚಿನ ಗಟ್ಟಿಯೊಂದಿತ್ತು. ಎಲ್ಲರ ಕಣ್ಣೂ ಪ್ರತಿಮೆಗಳ ಮೇಲಿದ್ದುದರಿಂದ ಅದನ್ನು ಯಾರೂ ಲಕ್ಷಿಸಲಿಲ್ಲ. ಕಡಲಿನ ಉಪ್ಪಿನಿಂದ ಹೊರಬಂದು ಗಾಳಿಗೆ ಒಣಗಿದಂತೆ ಅದು ತಾನಾಗಿಯೇ ಬಿರಿಯಿತು. 1902ರ ಮೇ ತಿಂಗಳಿನಲ್ಲಿ ವಲೇರಿಯೋಸ್ ಸ್ತಾಯಿಸ್ ಎಂಬ ಪುರಾತತ್ತ್ವಜ್ಞರು ಅದನ್ನು ಗಮನಿಸಿದಾಗ ಒಡೆದ ಮುಖದಲ್ಲಿ ಹಲ್ಲುಗಳುಳ್ಳ ಚಕ್ರವೊಂದು ಕಾಣಿಸಿತು. ಪಕ್ಕದಲ್ಲಿ ಅತಿ ಸಣ್ಣ ಗ್ರೀಕ್ ಅಕ್ಷರಗಳೂ ಇದ್ದವು.

ಆ ದಿನಗಳ ಪಂಡಿತರಿಗೆ ಇದು ನುಂಗಲಾರದ ತುತ್ತಾಯಿತು. ಹಲ್ಲುಚಕ್ರಗಳು ಗ್ರೀಕರಿಗೆ ತಿಳಿದಿದ್ದವೆಂಬುದು ಗ್ರಂಥಗಳಿಂದ ಗೊತ್ತಿತ್ತು. ಆದರೆ ಅವು ನೀರೆತ್ತುವ, ಭಾರ ಹೊರುವ ದೊಡ್ಡ ಚಕ್ರಗಳೆಂದೇ ಎಲ್ಲರ ಭಾವನೆಯಾಗಿತ್ತು. ಗಡಿಯಾರದ ಒಡಲನ್ನು ಹೋಲುವ ಸೂಕ್ಷ್ಮವಾದ ರಚನೆ ಕ್ರಿಸ್ತಪೂರ್ವ ಕಾಲದ ಹಡಗಿನಲ್ಲಿ ಇರುವುದು ಹೇಗೆ? ಇದು ನಾವಿಕರು ನಕ್ಷತ್ರಗಳ ಎತ್ತರವನ್ನು ಅಳೆಯುವ ಯಂತ್ರವೆಂದು ಕೆಲವರು ಹೇಳಿದರು. ಯಾವುದೋ ಕಾಲದಲ್ಲಿ ಇನ್ನೊಂದು ಹಡಗಿನಿಂದ ಮೇಲೆ ಬಿದ್ದಿರಬಹುದೆಂದು ಶಂಕಿಸಿದವರೂ ಇದ್ದರು. ಜರ್ಮನಿಯ ಭಾಷಾವಿದ್ವಾಂಸ ಆಲ್ಬರ್ಟ್ ರೇಮ್ ಅವರು ಮಾತ್ರ, ಇದು ಗ್ರಹಗತಿಗಳನ್ನು ಗಣಿಸುವ ಯಂತ್ರವಾಗಿರಬೇಕೆಂದು 20ನೆಯ ಶತಮಾನದ ಆರಂಭದಲ್ಲಿಯೇ ಊಹಿಸಿದ್ದರು. ಅವರ ಮಾತು ಹೆಚ್ಚು ಜನರ ಕಿವಿಗೆ ಬೀಳಲಿಲ್ಲ. ಹೆಂಟೆ ತನ್ನ ಪೆಟ್ಟಿಗೆಯಲ್ಲಿ ಐವತ್ತು ವರ್ಷ ಮಲಗಿತು.

ಹಳೆಯ ಸಂಪುಟಗಳ ಓದುಗ

ಅದನ್ನು ಎಬ್ಬಿಸಿದವರು ಡೆರೆಕ್ ಡಿ ಸೋಲಾ ಪ್ರೈಸ್. ಲಂಡನ್ನಿನಲ್ಲಿ 1922ರಲ್ಲಿ ಹುಟ್ಟಿದ ಇವರು ಭೌತಶಾಸ್ತ್ರದಲ್ಲಿ ಪದವಿ ಪಡೆದು, ಸಿಂಗಪುರದ ರಾಫೆಲ್ಸ್ ಕಾಲೇಜಿನಲ್ಲಿ ಗಣಿತ ಬೋಧಿಸುತ್ತಿದ್ದರು. ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯ ಹಳೆಯ ಸಂಪುಟಗಳು ಆ ಕಾಲೇಜಿಗೆ ಬಂದಾಗ ಗ್ರಂಥಾಲಯದ ಕಟ್ಟಡ ಇನ್ನೂ ಸಿದ್ಧವಾಗಿರಲಿಲ್ಲ. ಪ್ರೈಸ್ ಅವುಗಳನ್ನು ತಮ್ಮ ಮನೆಯಲ್ಲಿರಿಸಿಕೊಂಡು, 1665ರಿಂದ ಹಿಡಿದು ಒಂದೊಂದಾಗಿ ಓದಿದರು. ಯಾರೂ ಹೇಳಿ ಮಾಡಿಸಿದ ಓದಲ್ಲ ಅದು. ಆದರೆ ಅದರಿಂದ ಅವರ ಬಾಳಿನ ದಿಕ್ಕೇ ಬದಲಾಯಿತು. ಅವರು ಕೇಂಬ್ರಿಜ್‌ಗೆ ಹೋಗಿ ವಿಜ್ಞಾನದ ಇತಿಹಾಸಕಾರರಾದರು. ಪ್ರಾಚೀನ ವೈಜ್ಞಾನಿಕ ಉಪಕರಣಗಳನ್ನು ಅಭ್ಯಸಿಸುತ್ತಿದ್ದಾಗ ಆಂಟಿಕಿಥೆರಾದ ಹೆಂಟೆ ಅವರ ಲಕ್ಷ್ಯವನ್ನು ಸೆಳೆಯಿತು. 1958ರಲ್ಲಿ ಅಥೆನ್ಸಿಗೆ ಹೋಗಿ ಅದನ್ನು ಕಣ್ಣಾರೆ ಕಂಡರು. 1959ರ ಜೂನಿನಲ್ಲಿ ಅಮೆರಿಕದ ಪ್ರಸಿದ್ಧ ವಿಜ್ಞಾನಪತ್ರಿಕೆಯೊಂದರಲ್ಲಿ ಲೇಖನ ಬರೆದು, ಇದು ಪ್ರಾಚೀನ ಗ್ರೀಕರ ಗಣಕಯಂತ್ರವೆಂದು ಸಾರಿದರು.

ಹೊರಗಿನಿಂದ ನೋಡಿ ಹೇಳಬಹುದಾದುದಕ್ಕೆ ಒಂದು ಮಿತಿಯುಂಟು. ಒಳಗಿನ ಚಕ್ರಗಳು ಒಂದರ ಮೇಲೊಂದು ಅಂಟಿಕೊಂಡು ಕಲ್ಲಿನಂತಾಗಿದ್ದವು. ಬಿಡಿಸಹೋದರೆ ಪುಡಿಯಾಗುವ ಸ್ಥಿತಿ. 1971ರಲ್ಲಿ ಗ್ರೀಕ್ ವಿಜ್ಞಾನಿ ಕರಾಕಾಲೋಸ್ ಅವರ ನೆರವಿನಿಂದ ಪ್ರೈಸ್ ಅದರ ಕಿರಣಚಿತ್ರಗಳನ್ನು ತೆಗೆಯಿಸಿದರು. ಕರಾಕಾಲೋಸ್ ಮತ್ತು ಅವರ ಪತ್ನಿ ಆ ಮಸುಕಾದ ಚಿತ್ರಗಳಲ್ಲಿ ಚಕ್ರಗಳ ಹಲ್ಲುಗಳನ್ನು ತಾಳ್ಮೆಯಿಂದ ಎಣಿಸಿದರು. ಇದರ ಫಲವಾಗಿ 1974ರಲ್ಲಿ ಪ್ರೈಸ್ ಅವರ ದೊಡ್ಡ ಪ್ರಬಂಧ ಹೊರಬಂದಿತು. ಅದರಲ್ಲಿ ಕೆಲವು ತಪ್ಪುಗಳೂ ಉಳಿದವು. ಕೆಲವೆಡೆ ಎಣಿಕೆಗೆ ಸಿಕ್ಕ ಸಂಖ್ಯೆಗಳನ್ನು ಅವರು ತಮ್ಮ ಕಲ್ಪನೆಗೆ ಒಪ್ಪುವಂತೆ ತುಸು ತಿದ್ದಿಕೊಂಡಿದ್ದರು. ಆದರೂ ಬಾಗಿಲು ತೆರೆದವರು ಅವರೇ. 1983ರಲ್ಲಿ ಅವರು ತೀರಿಕೊಂಡಾಗ ಒಳಗಿನ ಕೋಣೆಗಳು ಇನ್ನೂ ಕತ್ತಲಾಗಿದ್ದವು.

ಹತ್ತೊಂಬತ್ತು ವರ್ಷದ ಲೆಕ್ಕ

ಹಾಗಾದರೆ ಈ ಯಂತ್ರ ಮಾಡುತ್ತಿದ್ದುದೇನು? ನಮ್ಮ ವಾಚಕರಿಗೆ ಇದನ್ನು ತಿಳಿಸುವುದು ಸುಲಭ. ಏಕೆಂದರೆ ಪ್ರತಿ ಯುಗಾದಿಗೆ ಮನೆಗೆ ಬರುವ ಪಂಚಾಂಗದಲ್ಲಿ ಅದರ ಅರ್ಧ ಉತ್ತರವಿದೆ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ. ಸೌರವರ್ಷಕ್ಕೆ 365 ದಿನಗಳ ಮೇಲೆ ಕಾಲು ದಿನ. ವರ್ಷಕ್ಕೆ ಹನ್ನೊಂದು ದಿನದಂತೆ ಹಿಂದೆ ಬೀಳುವ ಚಂದ್ರನನ್ನು ಸೂರ್ಯನ ಜೊತೆಗೂಡಿಸಲು ಎರಡು ಮೂರು ವರ್ಷಗಳಿಗೊಮ್ಮೆ ಅಧಿಕಮಾಸ ಬರುತ್ತದೆ. ಇಂಥ ಅಧಿಕಮಾಸಗಳು 19 ವರ್ಷಗಳಲ್ಲಿ ಏಳು ಬಂದರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಹನ್ನೆರಡನ್ನು ಹತ್ತೊಂಬತ್ತರಿಂದ ಗುಣಿಸಿ ಏಳನ್ನು ಕೂಡಿಸಿದರೆ 235 ಚಾಂದ್ರಮಾಸಗಳಾಗುತ್ತವೆ. ಇವಕ್ಕೂ 19 ಸೌರವರ್ಷಗಳಿಗೂ ಇರುವ ಅಂತರ ಸುಮಾರು ಎರಡು ಗಂಟೆ ಮಾತ್ರ. 2004ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಹತ್ತೊಂಬತ್ತು ವರ್ಷ ಕಳೆದು 2023ರಲ್ಲಿ ಮತ್ತೆ ಅಧಿಕ ಶ್ರಾವಣವೇ ಬಂದುದನ್ನು ಮನೆಯ ಹಿರಿಯರು ಗಮನಿಸಿರಬಹುದು.

ಈ ಸೂತ್ರವನ್ನು ಬ್ಯಾಬಿಲೋನಿನವರೂ ಗ್ರೀಕರೂ ಬಲ್ಲರು. ವರಾಹಮಿಹಿರನು ತನ್ನ ಪಂಚಸಿದ್ಧಾಂತಿಕೆಯಲ್ಲಿ ಸಂಗ್ರಹಿಸಿರುವ ರೋಮಕ ಸಿದ್ಧಾಂತದಲ್ಲಿ 2850 ವರ್ಷಗಳ ಯುಗಕ್ಕೆ 1050 ಅಧಿಕಮಾಸಗಳನ್ನು ಹೇಳಿದೆ. ಎರಡನ್ನೂ ನೂರೈವತ್ತರಿಂದ ಭಾಗಿಸಿದರೆ ಅದೇ ಹತ್ತೊಂಬತ್ತು, ಅದೇ ಏಳು! ಹೆಸರೇ ಸೂಚಿಸುವಂತೆ, ಯವನರ ಈ ಲೆಕ್ಕ ಕಡಲು ದಾಟಿ ನಮ್ಮ ಜ್ಯೋತಿಷಿಗಳ ಬಳಿಗೂ ಬಂದಿತ್ತು.

ಆಂಟಿಕಿಥೆರಾದ ಯಂತ್ರದ ಹಿಂಬದಿಯ ಮೇಲ್ಭಾಗದಲ್ಲಿ ಐದು ಸುತ್ತಿನ ಸುರುಳಿಯೊಂದಿದೆ. ಅದರಲ್ಲಿ 235 ಮನೆಗಳು; ಒಂದೊಂದು ಮನೆಗೆ ಒಂದೊಂದು ತಿಂಗಳು. ಪಕ್ಕದ ಹಿಡಿಕೆಯನ್ನು ತಿರುಗಿಸಿದರೆ ಮುಳ್ಳು ಆ ಸುರುಳಿಯ ಕಾಲುವೆಯಲ್ಲಿ ಸಾಗಿ ತಿಂಗಳನ್ನು ತೋರಿಸುತ್ತಿತ್ತು. ಮುಂಬದಿಯ ಫಲಕದಲ್ಲಿ ರಾಶಿಚಕ್ರವಿತ್ತು. ಸೂರ್ಯಚಂದ್ರರ ಮುಳ್ಳುಗಳು ಅದರ ಮೇಲೆ ಚಲಿಸುತ್ತಿದ್ದವು. ಅರ್ಧ ಕಪ್ಪು ಅರ್ಧ ಬಿಳುಪಾದ ಸಣ್ಣ ಗುಂಡೊಂದು ತನ್ನಲ್ಲೇ ತಿರುಗಿ ಚಂದ್ರನ ವೃದ್ಧಿಕ್ಷಯಗಳನ್ನು ಕಾಣಿಸುತ್ತಿತ್ತು.

ಹತ್ತೊಂಬತ್ತು ವರ್ಷಗಳಲ್ಲಿ ಚಂದ್ರನು ರಾಶಿಚಕ್ರವನ್ನು 254 ಸಲ ಸುತ್ತುತ್ತಾನೆ. ಇದನ್ನು ಚಕ್ರಗಳಲ್ಲಿ ಮೂಡಿಸಿದ ಬಗೆಯನ್ನು ನೋಡಿರಿ. ವರ್ಷಕ್ಕೊಮ್ಮೆ ಸುತ್ತುವ 64 ಹಲ್ಲಿನ ಚಕ್ರವು 38 ಹಲ್ಲಿನದನ್ನು ತಿರುಗಿಸುತ್ತದೆ. ಅದರೊಡನೆ ಒಂದೇ ಅಚ್ಚಿನ ಮೇಲಿರುವ 48 ಹಲ್ಲಿನದು 24 ಹಲ್ಲಿನದನ್ನೂ, ಅದರ ಜೊತೆಗಿರುವ 127 ಹಲ್ಲಿನದು 32 ಹಲ್ಲಿನದನ್ನೂ ತಿರುಗಿಸುತ್ತವೆ. ಗುಣಿಸಿ ಭಾಗಿಸಿ ನೋಡಿದರೆ 19 ಸುತ್ತಿಗೆ ಸರಿಯಾಗಿ 254 ಸುತ್ತು ಬರುತ್ತದೆ, ಕೂದಲೆಳೆಯಷ್ಟೂ ಶೇಷವಿಲ್ಲ. 127 ಎಂಬುದು 254ರ ಅರ್ಧ. ಬೇರಾವ ಸಂಖ್ಯೆಯಿಂದಲೂ ಅದನ್ನು ಭಾಗಿಸಲು ಬಾರದುದರಿಂದ, ಕುಶಲಿಯು ಕಂಚಿನ ತಗಡಿನ ಅಂಚಿನಲ್ಲಿ 127 ಹಲ್ಲುಗಳನ್ನು ಅರದಿಂದ ಒಂದೊಂದಾಗಿ ಕಡಿದೇ ತೀರಬೇಕಾಗಿತ್ತು. ಕಡಿದಿದ್ದಾನೆ.

ಗ್ರಹಣಗಳ ಸುರುಳಿ

ಹಿಂಬದಿಯ ಕೆಳಭಾಗದಲ್ಲಿ ನಾಲ್ಕು ಸುತ್ತಿನ ಇನ್ನೊಂದು ಸುರುಳಿ. ಅದರಲ್ಲಿ 223 ಮನೆಗಳು. ಈ ಸಂಖ್ಯೆಯ ಗುಟ್ಟೇನು? ಪ್ರತಿ ಅಮಾವಾಸ್ಯೆಗೆ ಸೂರ್ಯಗ್ರಹಣವಾಗುವುದಿಲ್ಲ. ಸೂರ್ಯಚಂದ್ರರಿಬ್ಬರೂ ನಾವು ರಾಹುಕೇತುಗಳೆನ್ನುವ ಪಾತಬಿಂದುಗಳ ಸಮೀಪದಲ್ಲಿರಬೇಕು. ಒಮ್ಮೆ ಕೂಡಿದ ಈ ಸಂದರ್ಭ 223 ಚಾಂದ್ರಮಾಸಗಳ ತರುವಾಯ, ಎಂದರೆ 18 ವರ್ಷ 11 ದಿನ 8 ಗಂಟೆಗಳಾದ ಮೇಲೆ, ಬಹುಮಟ್ಟಿಗೆ ಹಾಗೆಯೇ ಮರುಕಳಿಸುತ್ತದೆ. ಬ್ಯಾಬಿಲೋನಿನ ಜ್ಯೋತಿಷಿಗಳು ಇದನ್ನು ಶತಮಾನಗಳ ವೀಕ್ಷಣೆಯಿಂದ ಕಂಡುಕೊಂಡಿದ್ದರು.

ಕನ್ನಡಿಗರಿಗೆ ನೆನಪಿರುವ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1980ರ ಫೆಬ್ರವರಿ 16ರ ಮಧ್ಯಾಹ್ನದ ಮೇಲೆ ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಪೂರ್ಣ ಸೂರ್ಯಗ್ರಹಣವಾಯಿತು. ಹಕ್ಕಿಗಳು ಗೂಡು ಸೇರಿದ್ದನ್ನೂ, ಹಗಲಿನಲ್ಲಿ ಕತ್ತಲಾದುದನ್ನೂ ಕಂಡವರು ಇಂದಿಗೂ ವರ್ಣಿಸುತ್ತಾರೆ. ಹದಿನೆಂಟು ವರ್ಷ ಕಳೆದು 1998ರ ಫೆಬ್ರವರಿ 26ರಂದು ಅದೇ ಮಾಲಿಕೆಯ ಗ್ರಹಣ ಸಂಭವಿಸಿತು. ಆದರೆ ಕಂಡದ್ದು ಕೆರಿಬಿಯನ್ ಸಮುದ್ರದ ಕಡೆಗೆ. ಲೆಕ್ಕದ ಕೊನೆಯಲ್ಲಿರುವ ಎಂಟು ಗಂಟೆಗಳೇ ಇದಕ್ಕೆ ಕಾರಣ. ಎಂಟು ಗಂಟೆಗಳಲ್ಲಿ ಭೂಮಿ ಮೂರನೆಯ ಒಂದು ಸುತ್ತು ತಿರುಗಿಬಿಡುತ್ತದೆ. ಮತ್ತೆ 2016ರ ಮಾರ್ಚ್ 9ರಂದು ಬಂದಾಗ ನೆರಳು ಬಿದ್ದುದು ಇಂಡೋನೇಷ್ಯದ ಮೇಲೆ. ಮೂರು ಸಲ ಎಂಟು ಸೇರಿದರೆ ಒಂದು ದಿನ ಪೂರ್ತಿಯಾಗುತ್ತದೆ. ಆದುದರಿಂದ ಮೂರನೆಯ ಆವೃತ್ತಿಯಲ್ಲಿ, ಎಂದರೆ 2034ರ ಮಾರ್ಚ್ 20ರಂದು, ಆ ನೆರಳು ಮರಳಿ ನಮ್ಮ ದಿಕ್ಕಿಗೆ ಬರಲಿದೆ. ಈ ಸಲ ಉತ್ತರಕ್ಕೆ ಸರಿದು ಕಾಶ್ಮೀರವನ್ನು ಮುಟ್ಟಲಿದೆ.

ಯಂತ್ರವನ್ನು ಮಾಡಿದವನು ಈ ಎಂಟು ಗಂಟೆಗಳನ್ನೂ ಮರೆತಿಲ್ಲ. ದೊಡ್ಡ ಸುರುಳಿಯೊಳಗೆ ಮೂರು ಭಾಗಗಳ ಚಿಕ್ಕ ವೃತ್ತವೊಂದಿದೆ. ಅದರ ಮುಳ್ಳು, ಗ್ರಹಣಕಾಲಕ್ಕೆ ಏನೂ ಸೇರಿಸಬೇಡ, ಎಂಟು ಗಂಟೆ ಸೇರಿಸು, ಹದಿನಾರು ಗಂಟೆ ಸೇರಿಸು ಎಂದು ಸರದಿಯಂತೆ ಹೇಳುತ್ತದೆ. ಗ್ರಹಣವಾಗಬಹುದಾದ ಮನೆಗಳಲ್ಲಿ ಚಂದ್ರನಿಗೊಂದು, ಸೂರ್ಯನಿಗೊಂದು ಸಂಕೇತಾಕ್ಷರವನ್ನು ಕೊರೆದು ಗಂಟೆಯನ್ನೂ ನಮೂದಿಸಿದ್ದಾನೆ.

ಓಡುವ ಚಂದ್ರ, ತಡೆಯುವ ಚಂದ್ರ

ಇಷ್ಟಕ್ಕೇ ಮುಗಿಯಲಿಲ್ಲ. ಚಂದ್ರನು ಆಕಾಶದಲ್ಲಿ ಒಂದೇ ವೇಗದಿಂದ ಸಾಗುವುದಿಲ್ಲ. ಭೂಮಿಗೆ ಸಮೀಪವಿದ್ದಾಗ ಬೇಗ ನಡೆಯುತ್ತಾನೆ, ದೂರವಿದ್ದಾಗ ನಿಧಾನಿಸುತ್ತಾನೆ. ಆ ದೂರದ ಬಿಂದುವನ್ನು ನಮ್ಮ ಸಿದ್ಧಾಂತ ಗ್ರಂಥಗಳು ಮಂದೋಚ್ಚವೆನ್ನುತ್ತವೆ; ಅದು ತಾನೂ ಸುಮಾರು ಒಂಬತ್ತು ವರ್ಷಕ್ಕೊಮ್ಮೆ ರಾಶಿಚಕ್ರವನ್ನು ಸುತ್ತುತ್ತದೆ. ಸಮವೇಗದಿಂದ ತಿರುಗುವ ಚಕ್ರಗಳಿಂದ ಈ ವಿಷಮಗತಿಯನ್ನು ತೋರಿಸುವುದು ಹೇಗೆ? ಕುಶಲಿಯು ಒಂದರ ಮೇಲೊಂದು ಇರುವ ಎರಡು ಸಮನಾದ ಚಕ್ರಗಳನ್ನು ತೆಗೆದುಕೊಂಡ. ಅವುಗಳ ಕೇಂದ್ರಗಳನ್ನು ಸುಮಾರು ಒಂದು ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿಸಿದ. ಒಂದರಲ್ಲಿ ಗೂಟ, ಇನ್ನೊಂದರಲ್ಲಿ ಉದ್ದನೆಯ ಸೀಳು. ಗೂಟವು ಸೀಳಿನಲ್ಲಿ ಹಿಂದುಮುಂದಾಗಿ ಜಾರುತ್ತ ಎರಡನೆಯ ಚಕ್ರವನ್ನು ಒಮ್ಮೆ ಬೇಗನೆ, ಒಮ್ಮೆ ಮೆಲ್ಲಗೆ ತಳ್ಳುತ್ತದೆ. ಈ ಜೋಡಿಯನ್ನೇ ಹೊತ್ತು 223 ಹಲ್ಲಿನ ದೊಡ್ಡ ಚಕ್ರವೊಂದು ಸುಮಾರು ಒಂಬತ್ತು ವರ್ಷಕ್ಕೊಂದು ಸುತ್ತು ಬರುತ್ತದೆ. ಮಂದೋಚ್ಚವೂ ಚಲಿಸಿದಂತಾಯಿತು! ಚಂದ್ರನ ಈ ವಿಷಮಗತಿಗೆ ಜ್ಯಾಮಿತಿಯ ವಿವರಣೆಯನ್ನು ಕೊಟ್ಟವನೆಂದು ಪ್ರಸಿದ್ಧನಾದ ಹಿಪ್ಪಾರ್ಕಸನು ಕ್ರಿ. ಪೂ. ಎರಡನೆಯ ಶತಮಾನದವನು. ಕಾಗದದ ಮೇಲಿನ ತತ್ತ್ವ ಕಂಚಿನಲ್ಲಿ ಕೆಲಸ ಮಾಡುವುದನ್ನು ಇಲ್ಲಿ ಕಾಣುತ್ತೇವೆ.

ಎಂಟು ಟನ್ನಿನ ಕಣ್ಣು

ಈ ವಿವರಗಳು ತಿಳಿದುಬಂದುದು ಬಹಳ ಇತ್ತೀಚೆಗೆ. 1990ರ ದಶಕದಲ್ಲಿ ಲಂಡನ್ನಿನ ವಿಜ್ಞಾನ ಸಂಗ್ರಹಾಲಯದ ಮೈಕೇಲ್ ರೈಟ್ ಮತ್ತು ಆಸ್ಟ್ರೇಲಿಯದ ಅಲನ್ ಬ್ರಾಮ್ಲಿ ಹೊಸ ಬಗೆಯ ಕ್ಷ-ಕಿರಣ ಚಿತ್ರಗಳನ್ನು ತೆಗೆದರು. ಬ್ರಾಮ್ಲಿ 2002ರಲ್ಲಿ ಕಾಲವಾದರು. ರೈಟ್ ಅವರು ಛಲ ಬಿಡದೆ ಕೆಲಸವನ್ನು ಮುಂದುವರಿಸಿ, ಯಂತ್ರದ ಪ್ರತಿಕೃತಿಯನ್ನು ತಮ್ಮ ಕೈಯಾರೆ ನಿರ್ಮಿಸಿದರು. 2005ರಲ್ಲಿ ಗಣಿತಜ್ಞ ಟೋನಿ ಫ್ರೀತ್, ಖಗೋಲಜ್ಞ ಮೈಕ್ ಎಡ್ಮಂಡ್ಸ್ ಮತ್ತು ಗ್ರೀಕ್ ವಿದ್ವಾಂಸರನ್ನೊಳಗೊಂಡ ತಂಡವೊಂದು ಮುಂದೆ ಬಂದಿತು. ಅಪೂರ್ವವಾದ ಈ ವಸ್ತುವನ್ನು ಅಥೆನ್ಸಿನಿಂದ ಹೊರಗೆ ಒಯ್ಯುವಂತಿರಲಿಲ್ಲ. ಆದುದರಿಂದ ಸುಮಾರು ಎಂಟು ಟನ್ ಭಾರದ ಕ್ಷ-ಕಿರಣ ಯಂತ್ರವನ್ನೇ ಇಂಗ್ಲೆಂಡಿನಿಂದ ಸಂಗ್ರಹಾಲಯದ ಬಾಗಿಲಿಗೆ ತಂದರು. ಬೆಟ್ಟವೇ ನಡೆದು ಬಂದಂತಾಯಿತು!

ಅದೇ ವೇಳೆಗೆ ಸಂಗ್ರಹಾಲಯದವರು ತಮ್ಮ ಉಗ್ರಾಣವನ್ನು ಶೋಧಿಸಿದಾಗ ಯಾರೂ ಲಕ್ಷಿಸದೆ ಬಿಟ್ಟಿದ್ದ ಚೂರುಗಳು ಸಿಕ್ಕವು. ಅವೆಲ್ಲ ಸೇರಿ ಒಟ್ಟು 82 ಚೂರುಗಳಾದವು. ಉಗ್ರಾಣದಲ್ಲಿ ದೊರೆತುದರಲ್ಲಿ ಒಂದು ಗ್ರಹಣದ ಸುರುಳಿಯ ಭಾಗವೇ ಆಗಿತ್ತು. 2006ರ ನವೆಂಬರಿನಲ್ಲಿ ಈ ತಂಡದ ಶೋಧ ಪ್ರಕಟವಾದಾಗ ಗೂಟ-ಸೀಳಿನ ಚಮತ್ಕಾರವೂ 223ರ ರಹಸ್ಯವೂ ಲೋಕಕ್ಕೆ ತಿಳಿದವು. 2008ರಲ್ಲಿ ಇನ್ನೊಂದು ಚಿಕ್ಕ ವೃತ್ತದ ಬರಹವನ್ನು ಓದಿ ನೋಡಿದರೆ, ಅದರಲ್ಲಿ ಒಲಿಂಪಿಕ್ ಮೊದಲಾದ ಗ್ರೀಕ್ ಕ್ರೀಡೋತ್ಸವಗಳ ಸರದಿ ಇತ್ತು! ಗ್ರಹಗತಿಯ ಜೊತೆಗೆ ಜಾತ್ರೆಗಳ ಪಟ್ಟಿ. ಪಂಚಾಂಗವೆನ್ನಲು ಇನ್ನೇನು ಬೇಕು?

ಉಳಿದಿರುವ ಚಕ್ರಗಳು ಮೂವತ್ತು. ಅವೆಲ್ಲವೂ ಸುಮಾರು ಒಂದಡಿ ಎತ್ತರದ, ಗೇಣಗಲಕ್ಕಿಂತ ಕಡಿಮೆಯ ಮರದ ಪೆಟ್ಟಿಗೆಯಲ್ಲಿ ಅಡಕವಾಗಿದ್ದವು. ಬಾಗಿಲುಗಳ ಮೇಲೂ ಫಲಕಗಳ ಮೇಲೂ ಕೊರೆದಿದ್ದ ಬರಹದಲ್ಲಿ ಸುಮಾರು 3,400 ಅಕ್ಷರಗಳನ್ನು ಓದಲಾಗಿದೆ. ಐದು ಗ್ರಹಗಳ ಗತಿಯನ್ನೂ ಮುಂಬದಿಯಲ್ಲಿ ತೋರಿಸುತ್ತಿತ್ತೆಂದು ಆ ಬರಹದಿಂದ ಊಹಿಸಬಹುದಾಗಿದೆ. ಆ ಚಕ್ರಗಳು ಬಹುತೇಕ ನಷ್ಟವಾಗಿವೆ. 2021ರಲ್ಲಿ ಫ್ರೀತ್ ಮತ್ತು ಅವರ ಸಂಗಡಿಗರು ಅವುಗಳ ಜೋಡಣೆ ಹೀಗಿದ್ದಿರಬಹುದೆಂದು ಒಂದು ಮಾದರಿಯನ್ನು ಮುಂದಿಟ್ಟರು; ಚರ್ಚೆ ನಿಂತಿಲ್ಲ. ಮುಂಬದಿಯ ಪಂಚಾಂಗದ ಉಂಗುರದಲ್ಲಿ ರಂಧ್ರಗಳೆಷ್ಟು ಎಂಬ ಪ್ರಶ್ನೆಯನ್ನು ಕ್ರಿಸ್ ಬುಡಿಸೆಲಿಕ್ ಎಂಬ ಆಸ್ಟ್ರೇಲಿಯದ ಯಂತ್ರಕುಶಲಿ ಮತ್ತು ಅವರ ಸಂಗಡಿಗರು ಎತ್ತಿದ್ದರು. ಗುರುತ್ವದ ಅಲೆಗಳನ್ನು ಅಭ್ಯಸಿಸುವ ಗ್ಲಾಸ್ಗೋ ವಿಶ್ವವಿದ್ಯಾಲಯದ ವಿಜ್ಞಾನಿಗಳು 2024ರಲ್ಲಿ ತಮ್ಮ ಗಣಿತವನ್ನು ಇದಕ್ಕೆ ಪ್ರಯೋಗಿಸಿ, 365ಕ್ಕಿಂತ 354 ಎಂಬುದೇ ಹೆಚ್ಚು ಸಂಭವನೀಯವೆಂದು ತೋರಿಸಿದರು. ಹನ್ನೆರಡು ಚಾಂದ್ರಮಾಸಗಳ ದಿನಸಂಖ್ಯೆ ಅದೇ ಎಂಬುದನ್ನು ಮೇಲೆ ನೋಡಿದ್ದೇವೆ.

ಮರೆತುಹೋದ ವಿದ್ಯೆ

ಇಂಥ ಯಂತ್ರವನ್ನು ಕಂಡವರಲ್ಲಿ ಕೆಲವರು, ಇದು ಬೇರೆ ಲೋಕದವರು ಬಿಟ್ಟುಹೋದುದೆಂದು ಕಥೆ ಕಟ್ಟಿದ್ದಾರೆ. ಹಾಗೆ ಹೇಳುವುದು ದುಡಿದ ಕೈಗಳಿಗೆ ಮಾಡುವ ಅನ್ಯಾಯ. ಈ ಪೆಟ್ಟಿಗೆಯಲ್ಲಿ ಅಂದಿನ ಜ್ಞಾನಕ್ಕೆ ಮೀರಿದ ಯಾವ ತತ್ತ್ವವೂ ಇಲ್ಲ. ಬ್ಯಾಬಿಲೋನಿನ ವೀಕ್ಷಣೆ, ಗ್ರೀಕರ ಜ್ಯಾಮಿತಿ, ಹೆಸರಿಲ್ಲದ ಕಂಚುಗಾರನ ಕೈಚಳಕ, ಮೂರೂ ಒಂದೆಡೆ ಕೂಡಿವೆ, ಅಷ್ಟೆ. ರೋಮಿನ ವಾಗ್ಮಿ ಸಿಸಿರೋ, ಆರ್ಕಿಮಿಡೀಸನು ಮಾಡಿದ್ದ ಗ್ರಹಯಂತ್ರವನ್ನು ಸಿರಾಕ್ಯೂಸ್ ನಗರ ಬಿದ್ದ ಮೇಲೆ ರೋಮನ್ ಸೇನಾಪತಿ ಮಾರ್ಸೆಲಸನು ಕೊಂಡೊಯ್ದುದನ್ನೂ, ಪೊಸಿಡೋನಿಯಸನೆಂಬ ತತ್ತ್ವಜ್ಞಾನಿ ಮಾಡಿಸಿದ್ದ ಇನ್ನೊಂದನ್ನೂ ಬಣ್ಣಿಸಿದ್ದಾನೆ. ಬಹುಕಾಲ ಅದನ್ನು ಪಂಡಿತರು ಉತ್ಪ್ರೇಕ್ಷೆಯೆಂದೇ ಎಣಿಸಿದ್ದರು. ಕಡಲು ಸಾಕ್ಷಿ ನುಡಿಯಬೇಕಾಯಿತು.

ಹಾಗಾದರೆ ಈ ವಿದ್ಯೆ ಏನಾಯಿತು? ಕ್ರಿ. ಶ. ಐದು-ಆರನೆಯ ಶತಮಾನಗಳ ಸುಮಾರಿನ ಬೈಜಾಂಟಿಯಮ್ ಕಾಲದ, ಕೆಲವೇ ಚಕ್ರಗಳುಳ್ಳ ಸರಳವಾದ ಯಂತ್ರವೊಂದು ಲಂಡನ್ನಿನಲ್ಲಿದೆ. ಭಾರತದ ಶಾಸ್ತ್ರಗಳನ್ನು ಅಭ್ಯಸಿಸಿ ಗ್ರಂಥ ಬರೆದ ಅಲ್ ಬಿರೂನಿ ಸುಮಾರು ಸಾವಿರದ ಇಸವಿಯಲ್ಲಿ ಅಂಥದೇ ಯಂತ್ರವನ್ನು ವರ್ಣಿಸಿದ್ದಾನೆ. ಪಡುವಾದ ಡೋಂಡಿ ಎಂಬಾತ 1364ರಲ್ಲಿ ಗ್ರಹಗಡಿಯಾರವನ್ನು ಮುಗಿಸುವವರೆಗೆ, ಆಂಟಿಕಿಥೆರಾದ ಯಂತ್ರಕ್ಕೆ ಜೊತೆಯಾಗಿ ನಿಲ್ಲುವಂಥ ವಸ್ತುವಿಗಾಗಿ ಹುಡುಕಬೇಕಾಗುತ್ತದೆ. ನಡುವಣ ಹದಿನಾಲ್ಕು ಶತಮಾನಗಳಲ್ಲಿ ಎಳೆ ಪೂರ್ತಿ ಹರಿಯಲಿಲ್ಲ. ಆದರೆ ಬಹಳ ತೆಳುವಾಯಿತು. ಕಂಚು ಬೆಲೆಬಾಳುವ ಲೋಹ. ಕೆಟ್ಟ ಯಂತ್ರವನ್ನು ಕರಗಿಸಿ ಪಾತ್ರೆಯನ್ನೋ ನಾಣ್ಯವನ್ನೋ ಮಾಡುತ್ತಿದ್ದರು. ಮುಳುಗಿದುದರಿಂದಲೇ ಈ ಒಂದು ಯಂತ್ರ ಬದುಕಿತು. ತೀರ ಸೇರಿದ್ದಿದ್ದರೆ ಇಂದು ನಮ್ಮ ಕೈಗೆ ಸಿಗುತ್ತಿರಲಿಲ್ಲವೆಂಬುದು ವಿಧಿಯ ವಿನೋದ.

ಇದರೊಂದಿಗೆ ನಮ್ಮ ಕಡೆಯ ಒಂದು ಸಂಗತಿಯನ್ನು ಹೋಲಿಸಿ ನೋಡಬಹುದು. 1825ರಲ್ಲಿ ಜಾನ್ ವಾರನ್ ಎಂಬ ಅಧಿಕಾರಿ ದಕ್ಷಿಣ ಭಾರತದ ಕಾಲಗಣನೆಯ ಬಗ್ಗೆ ಗ್ರಂಥವೊಂದನ್ನು ಪ್ರಕಟಿಸಿದ. ತಮಿಳು ಪಂಚಾಂಗಕರ್ತನೊಬ್ಬನು ನೆಲದ ಮೇಲೆ ಕವಡೆಗಳನ್ನಿಟ್ಟುಕೊಂಡು, ಕೋಷ್ಟಕಗಳನ್ನೆಲ್ಲ ಬಾಯಿಪಾಠದಿಂದಲೇ ನೆನೆದು, ಆ ವರ್ಷದ ಚಂದ್ರಗ್ರಹಣವನ್ನು ಗಣಿಸಿದುದನ್ನು ಆತ ದಾಖಲಿಸಿದ್ದಾನೆ. ಗ್ರಹಣದ ಆರಂಭಕಾಲದಲ್ಲಿ ಕಂಡ ವ್ಯತ್ಯಾಸ ನಾಲ್ಕೇ ನಿಮಿಷ; ಮಧ್ಯಕಾಲದಲ್ಲಿ 23, ಮುಕ್ತಾಯದಲ್ಲಿ 52 ನಿಮಿಷ. ಗ್ರೀಕನು ಲೆಕ್ಕವನ್ನು ಚಕ್ರಗಳಲ್ಲಿಟ್ಟ, ನಮ್ಮವನು ನೆನಪಿನಲ್ಲಿಟ್ಟ. ಚಕ್ರ ಕರಗಿದರೆ ಒಂದು ಹೋಗುತ್ತದೆ, ಕಲಿಯುವ ಶಿಷ್ಯನಿಲ್ಲದಿದ್ದರೆ ಇನ್ನೊಂದು ಹೋಗುತ್ತದೆ. ವಿದ್ಯೆಯ ಆಯುಷ್ಯ ಅದನ್ನು ತುಂಬಿಟ್ಟ ಪಾತ್ರೆಗಿಂತ, ಅದನ್ನು ಕೈಯಿಂದ ಕೈಗೆ ದಾಟಿಸುವವರನ್ನು ಅವಲಂಬಿಸಿದೆಯೆಂಬ ಮಾತು ಎರಡು ಕಡೆಗಳಲ್ಲಿಯೂ ಸತ್ಯ.

ಅಮೆರಿಕದ ಭೌತಶಾಸ್ತ್ರಜ್ಞ ರಿಚರ್ಡ್ ಫೈನ್‌ಮನ್ 1980ರ ಸುಮಾರಿಗೆ ಅಥೆನ್ಸಿನ ಸಂಗ್ರಹಾಲಯಕ್ಕೆ ಭೇಟಿಯಿತ್ತಾಗ, ಅಸಂಖ್ಯವಾದ ಸುಂದರ ಶಿಲ್ಪಗಳ ನಡುವೆ ಅವರ ಮನಸ್ಸನ್ನು ಸೆರೆಹಿಡಿದುದು 15087ನೆಯ ಸಂಖ್ಯೆಯ ಈ ಹಸಿರು ಹೆಂಟೆ. ಅದರ ಬಗ್ಗೆ ಹೆಚ್ಚು ತಿಳಿಯಬೇಕೆಂದು ಅವರು ವಿಚಾರಿಸಿದಾಗ, ಇಷ್ಟು ಚೆಲುವಾದ ವಸ್ತುಗಳಿರುವಾಗ ಇದರಲ್ಲೇನು ವಿಶೇಷ ಕಂಡಿರೆಂದು ಅಲ್ಲಿಯವರಿಗೇ ಆಶ್ಚರ್ಯವಾಯಿತಂತೆ. ಸ್ಪಂಜು ಹುಡುಕಿದ ಮುಳುಗುಗಾರನಿಂದ ಹಿಡಿದು, ಹಳೆಯ ಸಂಪುಟಗಳನ್ನು ಸುಮ್ಮನೆ ಓದಿದ ಪ್ರೈಸ್, ಹಲ್ಲುಗಳನ್ನೆಣಿಸಿದ ದಂಪತಿ, ಉಗ್ರಾಣ ಜಾಲಾಡಿದ ಸಂಗ್ರಹಾಲಯದವರು, ರಂಧ್ರಗಳನ್ನು ಅಳೆದ ಯಂತ್ರಕುಶಲಿ, ಹೀಗೆ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿ ಬಂದ ಕುತೂಹಲವೇ ಈ ಕಂಚಿಗೆ ಮರಳಿ ಬಾಯಿ ಕೊಟ್ಟಿದೆ. ಮನೆಯ ಗೋಡೆಯ ಮೇಲಿನ ಪಂಚಾಂಗದಲ್ಲಿ ಮುಂದಿನ ಗ್ರಹಣದ ತಾರೀಖನ್ನು ನೋಡುವಾಗ ಮಕ್ಕಳು “ಇದು ಮೊದಲೇ ಹೇಗೆ ಗೊತ್ತಾಯಿತು?” ಎಂದು ಕೇಳಿದರೆ, ಕೆಲಸವಿದೆಯೆಂದು ಅವರನ್ನು ಅತ್ತ ಕಳುಹಿಸದೆ ಹತ್ತು ನಿಮಿಷ ಕುಳಿತು ಲೆಕ್ಕ ಹೇಳಿಕೊಡುವುದು ಒಳ್ಳೆಯದು. ವಿದ್ಯೆ ಮುಳುಗದಂತೆ ನೋಡಿಕೊಳ್ಳುವ ಕೆಲಸ ಆರಂಭವಾಗುವುದು ಅಲ್ಲಿಂದಲೇ.